ಕುಂಡದ ಗಿಡದ ಎಲೆ ಹಳದಿಯಾಗುವುದೇಕೆ? ದೃಷ್ಟಿ, ಮುಟ್ಟು, ಎಪ್ಸಮ್ ಸಾಲ್ಟ್ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

"ಮನೆಯ ತುಳಸಿ ಇದ್ದಕ್ಕಿದ್ದಂತೆ ಒಣಗಿದರೆ ಕೆಡುಕು ಕಾದಿದೆ ಎಂದರ್ಥ." "ಮುಟ್ಟಾದ ಹೆಂಗಸು ಕರಿಬೇವಿನ ಗಿಡ ಮುಟ್ಟಿದರೆ ಎಲೆ ಹಳದಿಯಾಗುತ್ತದೆ." "ಒಂದು ಚಮಚ ಎಪ್ಸಮ್ ಸಾಲ್ಟ್ ಹಾಕಿ, ಏಳೇ ದಿನದಲ್ಲಿ ಗಿಡ ಹಚ್ಚಹಸಿರು!"

ಇಂಥ ಸಂದೇಶಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲೆರಡು ಹೆದರಿಸುತ್ತವೆ, ಮೂರನೆಯದು ಆಸೆ ಹುಟ್ಟಿಸುತ್ತದೆ. ಮೂರರಲ್ಲೂ ಒಂದೇ ದೋಷವಿದೆ: ಎಲೆಯನ್ನು ಸರಿಯಾಗಿ ನೋಡುವ ಮೊದಲೇ ಕಾರಣ ಹೇಳಿಬಿಡುತ್ತವೆ.

ಸಂಕ್ಷಿಪ್ತವಾಗಿ ಹೇಳುವುದಾದರೆ: ಎಲೆ ಹಳದಿಯಾಗುವುದು ಒಂದು ರೋಗವಲ್ಲ, ಒಂದು ಲಕ್ಷಣ. ಮನುಷ್ಯನಿಗೆ ಜ್ವರ ಬಂದ ಹಾಗೆ. ಜ್ವರಕ್ಕೆ ಹತ್ತು ಕಾರಣಗಳಿರುವಂತೆ ಇದಕ್ಕೂ ಹತ್ತು ಕಾರಣಗಳಿವೆ. ಯಾವ ಎಲೆ ಹಳದಿಯಾಯಿತು, ಎಲೆಯ ಯಾವ ಭಾಗ ಹಳದಿಯಾಯಿತು, ಯಾವಾಗಿನಿಂದ ಶುರುವಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಕಾರಣ ಬಹುಪಾಲು ಗೊತ್ತಾಗುತ್ತದೆ. ಮನೆಯ ಕುಂಡಗಳಲ್ಲಿ ಅದು ಹೆಚ್ಚಾಗಿ ನೀರು ಅಥವಾ ಬೆಳಕಿಗೆ ಸಂಬಂಧಿಸಿರುತ್ತದೆ.

ಎಲೆ ಹಸಿರಾಗಿರುವುದು ಹೇಗೆ?

ಎಲೆಗೆ ಹಸಿರು ಬಣ್ಣ ಕೊಡುವುದು ಪತ್ರಹರಿತ್ತು. ಇದರ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಷಿಯಂ ಪರಮಾಣು, ಅದರ ಸುತ್ತ ನಾಲ್ಕು ಸಾರಜನಕ ಪರಮಾಣುಗಳು ಇರುತ್ತವೆ. ಕಬ್ಬಿಣ ಈ ಅಣುವಿನೊಳಗೆ ಇಲ್ಲ. ಆದರೆ ಕಬ್ಬಿಣವಿಲ್ಲದೆ ಗಿಡ ಪತ್ರಹರಿತ್ತನ್ನು ತಯಾರಿಸಲಾರದು.

ಎಲೆಯಲ್ಲಿ ಕ್ಯಾರೋಟಿನಾಯ್ಡ್ ಎಂಬ ಹಳದಿ ಬಣ್ಣದ ವಸ್ತುಗಳೂ ಸದಾ ಇರುತ್ತವೆ. ಹಸಿರು ಅವುಗಳನ್ನು ಮುಚ್ಚಿಟ್ಟಿರುತ್ತದೆ, ಅಷ್ಟೆ. ಪತ್ರಹರಿತ್ತು ಕಡಿಮೆಯಾದಾಗ ಅಡಿಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎಲೆ ಹಳದಿಯಾಯಿತು ಎಂದರೆ ಪತ್ರಹರಿತ್ತು ತಯಾರಾಗುತ್ತಿಲ್ಲ ಅಥವಾ ಇದ್ದದ್ದು ಹಾಳಾಗುತ್ತಿದೆ ಎಂದರ್ಥ. ಯಾಕೆ ಎಂಬುದನ್ನು ಬಣ್ಣವೊಂದೇ ಹೇಳುವುದಿಲ್ಲ, ಅದು ಕಾಣಿಸಿಕೊಂಡ ಜಾಗ ಹೇಳುತ್ತದೆ.

ಮೊದಲ ಪ್ರಶ್ನೆ: ಹಳೆಯ ಎಲೆಯೋ, ಹೊಸ ಚಿಗುರೋ?

ಸಾರಜನಕ, ಮೆಗ್ನೀಷಿಯಂ, ಪೊಟ್ಯಾಶಿಯಂಗಳನ್ನು ಗಿಡ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ಕೊರತೆಯಾದಾಗ ಮುದಿ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಆದ್ದರಿಂದ ಇವುಗಳ ಕೊರತೆ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಾಣುತ್ತದೆ. ಇಡೀ ಎಲೆ ಒಂದೇ ಸಮನೆ ಪೇಲವವಾದರೆ ಸಾರಜನಕದ ಮೇಲೆ ಅನುಮಾನ ಪಡಬಹುದು. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ. ಅಂಚುಗಳು ಸುಟ್ಟಂತೆ ಕಂದಾದರೆ ಪೊಟ್ಯಾಶಿಯಂ ಅಥವಾ ಮಣ್ಣಿನಲ್ಲಿ ಹೆಚ್ಚಾದ ಉಪ್ಪು.

ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಯಲ್ಲಿ ಸೇರಿಕೊಂಡರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಆದ್ದರಿಂದ ಕಬ್ಬಿಣದ ಕೊರತೆ ತುದಿಯ ಹೊಸ ಚಿಗುರಿನಲ್ಲಿ ಕಾಣುತ್ತದೆ: ಎಲೆ ನಿಂಬೆ ಹಳದಿ, ಅದರ ಮೇಲೆ ಬಲೆಯಂತೆ ತೆಳುವಾದ ಹಸಿರು ನರಗಳು, ಕೆಳಗಿನ ಎಲೆಗಳೆಲ್ಲ ಚೆನ್ನಾಗಿಯೇ ಇರುತ್ತವೆ.

ವಾರಕ್ಕೆ ಒಂದೋ ಎರಡೋ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದ್ದು, ಮೇಲೆ ಚಿಗುರು ಚೆನ್ನಾಗಿ ಬರುತ್ತಿದ್ದರೆ ಅದು ವಯಸ್ಸಿನ ಸಹಜ ಲಕ್ಷಣ. ಏನೂ ಮಾಡಬೇಕಿಲ್ಲ. ಮನಿಪ್ಲಾಂಟಿನ ಎಲೆಯ ಮೇಲಿನ ಹಳದಿ ಪಟ್ಟೆಗಳು ಹುಟ್ಟಿನಿಂದಲೇ ಇದ್ದರೆ ಅದು ಆ ತಳಿಯ ಗುಣ, ಕಾಯಿಲೆಯಲ್ಲ.

ಪ್ರೀತಿ ಹೆಚ್ಚಾಗಿ ಸಾಯುವ ಗಿಡಗಳು

ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದು ಸಿಗುವುದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ. ದಿನಾ ನೀರು ಸುರಿದರೆ ಆ ಜಾಗವೆಲ್ಲ ನೀರಿನಿಂದ ತುಂಬಿ ಬೇರು ಉಸಿರುಗಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆದ್ದರಿಂದ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಅದನ್ನು ಕಂಡು "ಅಯ್ಯೋ, ಬಾಡಿದೆ" ಎಂದು ಇನ್ನೊಂದು ಚೊಂಬು ಸುರಿಯುತ್ತೇವೆ. ಗಿಡ ಸಾಯುವುದು ಅಲ್ಲಿಗೇ.

ಇವೆರಡರ ವ್ಯತ್ಯಾಸ ತಿಳಿಯಲು ಬೆರಳನ್ನು ಎರಡು ಗೆಣ್ಣಿನಷ್ಟು ಆಳ ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಕೊಡಿ. ತೇವವಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಿ. ಮಣ್ಣಿನಿಂದ ಕೆಟ್ಟ ವಾಸನೆ ಬರುತ್ತಿದ್ದರೆ, ಕುಂಡದಿಂದ ಎಳೆದಾಗ ಬೇರು ಕಂದಾಗಿ ಮೆತ್ತಗಿದ್ದರೆ ಕೊಳೆತಿರುವುದು ಖಚಿತ. ಆರೋಗ್ಯವಂತ ಬೇರು ಸಾಮಾನ್ಯವಾಗಿ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ.

ಇಲ್ಲೇ ಒಂದು ಹಳೆಯ ನಂಬಿಕೆಯನ್ನೂ ನೋಡಿಬಿಡೋಣ: "ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ." ನಿಜದಲ್ಲಿ ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಅಲ್ಲೇ ನಿಲ್ಲುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಬೇಕಿರುವುದು ತಳದಲ್ಲಿ ತೂತು ಮತ್ತು ತೆಂಗಿನ ನಾರಿನ ಪುಡಿ, ಮರಳು ಬೆರೆಸಿದ ಸಡಿಲ ಮಣ್ಣು.

ಬೆಳಕು: ನಮ್ಮ ಕಣ್ಣೇ ನಮಗೆ ಮೋಸ ಮಾಡುವ ಜಾಗ

"ನಮ್ಮ ಹಾಲಿನಲ್ಲಿ ಒಳ್ಳೆ ಬೆಳಕಿದೆ" ಎಂದು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಹಾಗೆಯೇ ಕಾಣುತ್ತದೆ, ಏಕೆಂದರೆ ಕಣ್ಣು ಬೆಳಕಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಗಿಡಕ್ಕೆ ಆ ಸೌಲಭ್ಯವಿಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ, ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹೊರಗಿನ ತೆರೆದ ನೆರಳು 10,000 ದಿಂದ 20,000. ಕಿಟಕಿಯ ಪಕ್ಕ ಕೆಲವು ಸಾವಿರ. ಹಾಲಿನ ಮಧ್ಯದ ಟೀಪಾಯಿಯ ಮೇಲೆ 100 ರಿಂದ 500. ಅಂದರೆ ನಮಗೆ "ಒಳ್ಳೆ ಬೆಳಕು" ಅನ್ನಿಸುವ ಜಾಗದಲ್ಲಿ ಗಿಡಕ್ಕೆ ಸಿಗುವುದು ಬಿಸಿಲಿನ ಇನ್ನೂರರಲ್ಲಿ ಒಂದು ಭಾಗ ಇರಬಹುದು.

*ಬೆಳಕು ಸಾಲದಿದ್ದರೆ:* ಕಾಂಡ ಸೊರಗಿ ಉದ್ದವಾಗುತ್ತದೆ. ಎಲೆಗಳ ನಡುವಿನ ಅಂತರ ಹೆಚ್ಚುತ್ತದೆ. ಗಿಡ ಕಿಟಕಿಯತ್ತ ಬಾಗುತ್ತದೆ. ಹೊಸ ಎಲೆಗಳು ಚಿಕ್ಕದಾಗಿ, ಕೆಳಗಿನವು ಹಳದಿಯಾಗಿ ಉದುರುತ್ತವೆ. ಬೆಳಕು ಕಡಿಮೆ ಇದ್ದಲ್ಲಿ ಗಿಡ ನೀರನ್ನೂ ಕಡಿಮೆ ಬಳಸುತ್ತದೆ. ಬಾಲ್ಕನಿಯಲ್ಲಿದ್ದಾಗ ಕೊಡುತ್ತಿದ್ದಷ್ಟೇ ನೀರನ್ನು ಒಳಗೆ ತಂದ ಮೇಲೂ ಕೊಟ್ಟರೆ ಅದೇ ಹೆಚ್ಚಾಗಿ ಬೇರು ಕೊಳೆಯುತ್ತದೆ. ಮನೆಯೊಳಗಿನ ಅನೇಕ ಗಿಡಗಳಿಗೆ ಈ ಎರಡು ಏಟು ಒಟ್ಟಿಗೇ ಬೀಳುತ್ತವೆ.

*ಬೆಳಕು ಹೆಚ್ಚಾದರೆ:* ಎಲೆ ಹೀರಿದ ಬೆಳಕನ್ನು ಆಹಾರ ತಯಾರಿಸಲು ಬಳಸುತ್ತದೆ. ಬಳಸಲಾರದಷ್ಟು ಬಂದರೆ ಒಂದಿಷ್ಟನ್ನು ಶಾಖವಾಗಿ ಹೊರಹಾಕುತ್ತದೆ. ಅದಕ್ಕೂ ಮೀರಿದರೆ ಎಲೆಯೊಳಗೆ ಹಾನಿಕಾರಕ ಆಮ್ಲಜನಕ ರೂಪಗಳು ಹುಟ್ಟಿ ಪತ್ರಹರಿತ್ತನ್ನೇ ನಾಶಮಾಡುತ್ತವೆ. ಆಗ ಬೆಳಕಿಗೆ ಮುಖಮಾಡಿದ ಎಲೆಗಳಲ್ಲಿ ಮಾತ್ರ ಬಿಳಿಚಿದ ಅಥವಾ ಒಣಗಿದ ಕಂದು ಕಲೆಗಳು ಬೀಳುತ್ತವೆ. ಒಂದು ಎಲೆಯ ನೆರಳಿನಲ್ಲಿ ಅಡಗಿದ್ದ ಇನ್ನೊಂದು ಎಲೆಯ ಭಾಗ ಹಸಿರಾಗಿಯೇ ಉಳಿದಿದ್ದರೆ, ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಗೊಬ್ಬರದ ಕೊರತೆ ಹೀಗೆ ಒಂದೇ ಕಡೆ ನೋಡಿ ಬರುವುದಿಲ್ಲ. ಕೆಲವು ಗಿಡಗಳಲ್ಲಿ ಎಲೆ ಕೆಂಪು ಅಥವಾ ನೇರಳೆಗೆ ತಿರುಗುವುದೂ ಉಂಟು. ಅದು ಗಿಡ ತಾನೇ ಹಾಕಿಕೊಂಡ ಕೊಡೆಯಿದ್ದಂತೆ. (ಕೃಷ್ಣ ತುಳಸಿಯ ನೇರಳೆ ಬಣ್ಣ ಸಹಜ. ಅದಕ್ಕೆ ಗಾಬರಿ ಬೇಡ.)

ನೆರಳಿನಲ್ಲಿ ಬೆಳೆದ ಎಲೆ ತೆಳುವಾಗಿ, ಅಗಲವಾಗಿ ಇರುತ್ತದೆ. ಅದು ಬಿಸಿಲಿಗೆ ಸಿದ್ಧವಾಗಿರುವುದಿಲ್ಲ. ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಒಳಗಿದ್ದ ಕುಂಡಗಳನ್ನು ತಾರಸಿಗೆ ಸಾಗಿಸುತ್ತೇವೆ. ಎರಡೇ ದಿನದಲ್ಲಿ ಎಲೆ ಸುಟ್ಟರೆ "ಯಾರದೋ ಕಣ್ಣು ಬಿತ್ತು" ಎನ್ನುತ್ತೇವೆ. ಬಿದ್ದದ್ದು ಬಿಸಿಲು. ಮೊದಲ ಎರಡು ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಹತ್ತು ದಿನಗಳಲ್ಲಿ ರೂಢಿ ಮಾಡಿಸಿದರೆ ಹೊಸ ಎಲೆಗಳು ಬಿಸಿಲಿಗೆ ಒಗ್ಗಿಯೇ ಬರುತ್ತವೆ.

"ಕುಂಡ ಕದಲಿಸಿಯೇ ಇಲ್ಲ, ಆದರೂ ಎಲೆ ಸುಟ್ಟಿತಲ್ಲ?"

ನೀವು ಕುಂಡ ಸರಿಸದಿದ್ದರೂ ಸೂರ್ಯನ ದಾರಿ ಸರಿಯುತ್ತಿರುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಎನ್ನುವುದು. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆಗ ದಕ್ಷಿಣಕ್ಕೆ ಮುಖಮಾಡಿದ ಬಾಲ್ಕನಿಗೆ ನೇರ ಬಿಸಿಲು ಬೀಳುವುದಿಲ್ಲ. ಜೊತೆಗೆ ಮಳೆಗಾಲದ ಮೋಡ. ಆ ತಿಂಗಳುಗಳಲ್ಲಿ ಬಂದ ಎಲೆಗಳೆಲ್ಲ ನೆರಳಿನ ಎಲೆಗಳು.

ಅಕ್ಟೋಬರ್ ಬಂತೆಂದರೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನವೂ ಬೆಂಗಳೂರಿನ ಆಕಾಶದಲ್ಲಿ ಆತನ ಎತ್ತರ ಸುಮಾರು 54 ಡಿಗ್ರಿ ಮಾತ್ರ. ಬಿಸಿಲು ಓರೆಯಾಗಿ ಬಾಲ್ಕನಿಯ ಒಳಗೇ ನುಗ್ಗುತ್ತದೆ. ಜೂನ್‌ನಲ್ಲಿ ತಣ್ಣಗಿದ್ದ ಗಿಡ ಅದೇ ಜಾಗದಲ್ಲಿ ನವೆಂಬರ್‌ಗೆ ಸುಡುವುದು ಇದರಿಂದ. ಉತ್ತರದ ಕಿಟಕಿಯಲ್ಲಿ ಇದು ತಿರುವುಮುರುವು.

ಸುಲಭ ಪರೀಕ್ಷೆ ಬೇಕೆ? ಮಧ್ಯಾಹ್ನ ಗಿಡದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಬೆಳಕು ಪ್ರಖರ. ಅಂಚು ಮಸುಕಾಗಿದ್ದರೆ ಮಧ್ಯಮ. ನೆರಳೇ ಕಾಣದಿದ್ದರೆ ಆ ಜಾಗ ಬಹುತೇಕ ಗಿಡಗಳಿಗೆ ಸಾಲದು.

ಗ್ರೋ ಲೈಟ್ ತಂದರೆ ಸಾಕೇ?

ಆನ್‌ಲೈನ್‌ನಲ್ಲಿ ಸಿಗುವ ಈ ದೀಪಗಳು ಕೆಲಸ ಮಾಡುತ್ತವೆ, ಆದರೆ ದೂರವೇ ಎಲ್ಲ. ಚಿಕ್ಕ ದೀಪದಿಂದ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 900 ಲ್ಯೂಮೆನ್ ಕೊಡುವ ಒಂದು ಸಾಮಾನ್ಯ ಎಲ್‌ಇಡಿ ಬಲ್ಬನ್ನು ಲೆಕ್ಕ ಹಾಕಿ ನೋಡಿದರೆ, ಒಂದು ಅಡಿ ದೂರದಲ್ಲಿ ಹೆಚ್ಚುಕಡಿಮೆ 1,500 ಲಕ್ಸ್, ಎರಡು ಅಡಿಯಲ್ಲಿ 400ಕ್ಕಿಂತ ತುಸು ಕಡಿಮೆ, ಆರು ಅಡಿಯಲ್ಲಿ ಬರೀ 40. ಸೀಲಿಂಗ್ ಲೈಟಿನಿಂದ ಗಿಡಕ್ಕೆ ಉಪಯೋಗ ಬಹಳ ಕಡಿಮೆ ಎಂಬುದು ಇದರಿಂದ ಗೊತ್ತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಶಕ್ತಿಶಾಲಿ ಗ್ರೋ ಲೈಟನ್ನು ಎಲೆಗೆ ತಾಗುವಷ್ಟು ಹತ್ತಿರ ಇಟ್ಟರೆ ದೀಪದ ನೇರ ಕೆಳಗಿನ ತುದಿ ಎಲೆಗಳು ಬಿಳಿಚಿಕೊಳ್ಳುತ್ತವೆ, ಅಂಚು ಮೇಲಕ್ಕೆ ಮಡಚಿಕೊಳ್ಳುತ್ತವೆ. ಆಗ ಗೊಬ್ಬರ ಹುಡುಕಬೇಡಿ, ದೀಪವನ್ನು ಮೇಲಕ್ಕೆತ್ತಿ. ದಿನಕ್ಕೆ 12–14 ಗಂಟೆ ಸಾಕು, ರಾತ್ರಿ ದೀಪ ಆರಿಸಿ.

ಕರಿಬೇವಿನ ಚಿಗುರು ಹಳದಿ: ಬೋರ್‌ವೆಲ್ ನೀರಿನ ಕಥೆ

ಬಾಲ್ಕನಿ ಕರಿಬೇವಿನ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿರುವುದು ಬಹಳ ಮನೆಗಳ ದೂರು. ಇದು ಕಬ್ಬಿಣದ ಕೊರತೆಯ ಲಕ್ಷಣ. ವಿಚಿತ್ರವೆಂದರೆ ನಮ್ಮ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ! ಹಾಗಿದ್ದರೆ ಕೊರತೆ ಎಲ್ಲಿಂದ ಬಂತು?

ಕಬ್ಬಿಣ ಇದ್ದರೆ ಸಾಲದು, ಬೇರಿಗೆ ದಕ್ಕಬೇಕು. ಮಣ್ಣು ಕ್ಷಾರೀಯವಾದಂತೆ, ಅಂದರೆ ಪಿಎಚ್ 7 ದಾಟಿ ಏರಿದಂತೆ, ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ಹೋಗುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿರುತ್ತದೆ. ವರ್ಷಗಟ್ಟಲೆ ಅದನ್ನೇ ಹಾಕಿದರೆ ಕುಂಡದ ಒಂದಿಷ್ಟು ಮಣ್ಣು ನಿಧಾನವಾಗಿ ಕ್ಷಾರೀಯವಾಗುತ್ತದೆ. ನಿಮ್ಮ ನಲ್ಲಿಯ ತುದಿಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಅದೇ ಪೊರೆ ಕುಂಡದ ಮಣ್ಣಿನಲ್ಲೂ ಕಟ್ಟುತ್ತಿದೆ ಎಂದು ತಿಳಿಯಿರಿ.

ಪರಿಹಾರ: ಸಾಧ್ಯವಾದಷ್ಟು ಮಳೆ ನೀರು ಕೊಡಿ. ವರ್ಷಕ್ಕೊಮ್ಮೆ ಮೇಲಿನ ಮಣ್ಣು ತೆಗೆದು ಚೆನ್ನಾಗಿ ಕಳಿತ ಕಾಂಪೋಸ್ಟ್ ಹಾಕಿ. ತುರ್ತಿಗೆ ಒಂದು ಲೀಟರ್ ನೀರಿಗೆ 2–3 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ ಸಂಜೆ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಸಿಂಪಡಿಸಿದ ಎಲೆಯನ್ನು ಕೂಡಲೇ ಅಡುಗೆಗೆ ಕೀಳಬೇಡಿ. ಅಂಗಡಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣದಲ್ಲಿ ಇಡಿಟಿಎ ರೂಪ ಕ್ಷಾರೀಯ ಮಣ್ಣಿನಲ್ಲಿ ಹೆಚ್ಚು ನಿಲ್ಲುವುದಿಲ್ಲ. ಇಡಿಡಿಎಚ್‌ಎ ರೂಪ ನಿಲ್ಲುತ್ತದೆ. ಯಾವುದೇ ಇರಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಬ್ಬಿಣದ ಲವಣ ನುಂಗಿದರೆ ಚಿಕ್ಕ ಮಕ್ಕಳ ಜೀವಕ್ಕೇ ಅಪಾಯ.

ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

"ಎಪ್ಸಮ್ ಸಾಲ್ಟ್ ಎಲ್ಲ ಹಳದಿ ಎಲೆಗೂ ಮದ್ದು." ಇದು ಮೆಗ್ನೀಷಿಯಂ ಸಲ್ಫೇಟ್. ಮೆಗ್ನೀಷಿಯಂ ಕೊರತೆ ಇದ್ದರೆ ಮಾತ್ರ ಉಪಯೋಗ. ಗಡಸು ನೀರಿನಲ್ಲಿ ಮೆಗ್ನೀಷಿಯಂ ಮೊದಲೇ ಇರುತ್ತದೆ. ಹೆಚ್ಚಾದರೆ ಕ್ಯಾಲ್ಸಿಯಂ, ಪೊಟ್ಯಾಶಿಯಂ ಹೀರುವುದಕ್ಕೆ ಅಡ್ಡಿಯಾಗುತ್ತದೆ. ತೀರ್ಪು: ಅರ್ಧ ಸತ್ಯ.

"ಮೊಟ್ಟೆ ಚಿಪ್ಪು ಹಾಕಿದರೆ ಎಲೆ ಹಸಿರಾಗುತ್ತದೆ." ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬಹಳ ನಿಧಾನವಾಗಿ ಕರಗುತ್ತದೆ, ಕರಗಿದಾಗ ಮಣ್ಣನ್ನು ಇನ್ನಷ್ಟು ಕ್ಷಾರೀಯ ಮಾಡುತ್ತದೆ. ಕಬ್ಬಿಣದ ಕೊರತೆಯ ಕರಿಬೇವಿಗೆ ಇದು ಉರಿಯುವ ಬೆಂಕಿಗೆ ತುಪ್ಪ. ತೀರ್ಪು: ತಪ್ಪು.

"ತುಕ್ಕು ಹಿಡಿದ ಮೊಳೆ ಹೂತರೆ ಕಬ್ಬಿಣ ಸಿಗುತ್ತದೆ." ತುಕ್ಕು ಎಂದರೆ ಕಬ್ಬಿಣದ ಆಕ್ಸೈಡ್. ಕೆಂಪು ಮಣ್ಣಿನಲ್ಲಿ ಅದು ಬೇಕಾದಷ್ಟಿದೆ. ಮಣ್ಣಿನಲ್ಲಿರುವುದೇ ದಕ್ಕದಿರುವಾಗ ಮೊಳೆಯದ್ದು ದಕ್ಕುವುದೇ? ತೀರ್ಪು: ತಪ್ಪು. ಕೈಗೆ ಚುಚ್ಚುವುದು ಮಾತ್ರ ಖಚಿತ.

"ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಬೇಕು." ನಮ್ಮ ಅಜ್ಜಿಯರ ಕಾಲದ ರೂಢಿ. ಹುಳಿ ಮಜ್ಜಿಗೆ ಆಮ್ಲೀಯ, ಸ್ವಲ್ಪ ಸಾರಜನಕವೂ ಇದೆ. ಆದ್ದರಿಂದ ಪೂರ್ತಿ ಸುಳ್ಳಲ್ಲ. ಆದರೆ ಪರಿಣಾಮ ಅಲ್ಪ, ತಾತ್ಕಾಲಿಕ. ನೀರಾಗಿಸಿ ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ. ಗಟ್ಟಿ ಮಜ್ಜಿಗೆ ಪದೇ ಪದೇ ಹಾಕಿದರೆ ವಾಸನೆ, ಬೂಷ್ಟು, ಇರುವೆ. ಉಪ್ಪು ಹಾಕಿದ ಮಜ್ಜಿಗೆ ಬೇಡವೇ ಬೇಡ.

"ಆರ್‌ಒ ಯಂತ್ರದ ವೇಸ್ಟ್ ನೀರು ಗಿಡಕ್ಕೆ ಹಾಕಿ, ನೀರು ಉಳಿಸಿ." ಉದ್ದೇಶ ಒಳ್ಳೆಯದು. ಆದರೆ ಆ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತ ಹೆಚ್ಚು ಸಾಂದ್ರವಾಗಿರುತ್ತವೆ. ಕುಂಡದಲ್ಲಿ ಉಪ್ಪು ಶೇಖರವಾಗಿ ಎಲೆಯ ತುದಿ ಸುಡುತ್ತದೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಕುಂಡಕ್ಕೆ ಒಳ್ಳೆಯದಲ್ಲ. ಅದರಲ್ಲಿ ಗಡಸುತನದ ಬದಲು ಸೋಡಿಯಂ ಬಂದಿರುತ್ತದೆ.

"ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ." 2010ರಲ್ಲಿ ಹಂಗೇರಿಯ ವಿಜ್ಞಾನಿ ಗಾಬೋರ್ ಹೋರ್ವಾತ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ನುಣುಪಾದ ಎಲೆಯ ಮೇಲೆ ಕೂತ ಹನಿಗಳು ಸುಡಲಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ರೋಮಗಳಿರುವ ಎಲೆಗಳಲ್ಲಿ ಮಾತ್ರ ಸುಡುವ ಸಾಧ್ಯತೆ ಕಂಡಿತು. ಬೆಳಿಗ್ಗೆ ನೀರು ಹಾಕುವುದು ಒಳ್ಳೆಯದೇ, ಏಕೆಂದರೆ ಆವಿಯಾಗುವುದು ಕಡಿಮೆ. ಆದರೆ ಬಾಡಿದ ಗಿಡಕ್ಕೆ ಮಧ್ಯಾಹ್ನ ನೀರು ಕೊಡಲು ಹೆದರಬೇಕಿಲ್ಲ.

ಹುಳ ಮತ್ತು ನಂಜು ಮರೆಯಬೇಡಿ

ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಾವಿರಾರು ತಿಳಿ ಚುಕ್ಕೆಗಳಿದ್ದರೆ ಎಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿ. ಬಿದ್ದ ಧೂಳು ನಡೆಯತೊಡಗಿದರೆ ಅದು ನುಸಿ! ಎಲೆಯ ಅಡಿಭಾಗವನ್ನು ನೀರಿನಿಂದ ಜೋರಾಗಿ ತೊಳೆಯಿರಿ. ಬೆಂಡೆ ಗಿಡದಲ್ಲಿ ನರಗಳೇ ಹಳದಿಯಾಗಿ ನಡುವಿನ ಭಾಗ ಹಸಿರಾಗಿದ್ದರೆ ಅದು ಬಿಳಿ ನೊಣದಿಂದ ಹರಡುವ ಹಳದಿ ನಂಜು ರೋಗ. ಕಬ್ಬಿಣದ ಕೊರತೆಗೆ ಸರಿಯಾಗಿ ಉಲ್ಟಾ ಚಿತ್ರ. ಯಾವ ಗೊಬ್ಬರಕ್ಕೂ ಬಗ್ಗದು, ಗಿಡ ಕಿತ್ತು ಹಾಕುವುದೇ ದಾರಿ.

ತುಳಸಿ ಒಣಗಿದರೆ ಯಾರ ತಪ್ಪು?

ಇನ್ನು ನಾವು ಶುರುವಿನಲ್ಲಿ ಹೇಳಿದ ಮೊದಲೆರಡು ಸಂದೇಶಗಳಿಗೆ ಬರೋಣ.

ತುಳಸಿ ಬಹಳ ವರ್ಷ ಬದುಕುವ ಗಿಡವಲ್ಲ. ಬೆಚ್ಚನೆಯ ಹವೆ, ಧಾರಾಳ ಬಿಸಿಲು ಬೇಕು. ಮಂಜರಿ ಬಂದು ಬೀಜ ಕಟ್ಟಿದ ಮೇಲೆ ಸೊರಗುವುದು ಅದರ ಸ್ವಭಾವ. ಈಗ ನಮ್ಮ ಕ್ಯಾಲೆಂಡರ್ ನೋಡಿ. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಗೆ ತುಳಸಿ ಪೂಜೆ. ಬುಡಕ್ಕೆ ಹಾಲು, ಅರಿಸಿನ, ಕುಂಕುಮ, ದಿನಾ ಚೊಂಬು ನೀರು, ಎಲೆಗೆ ಹತ್ತಿರ ಉರಿಯುವ ದೀಪಗಳು. ಅರಿಸಿನಕ್ಕೆ ಸುಣ್ಣ ಸೇರಿಸಿ ಮಾಡುವ ಸಾಂಪ್ರದಾಯಿಕ ಕುಂಕುಮ ಕ್ಷಾರೀಯ. ಗಿಡ ಆ ಹೊತ್ತಿಗೆ ಮಂಜರಿ ತುಂಬಿ ನಿಂತಿರುತ್ತದೆ. ಬೆನ್ನಿಗೇ ಚಳಿ: ಬೆಂಗಳೂರಿನ ಡಿಸೆಂಬರ್–ಜನವರಿ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಇಷ್ಟೆಲ್ಲ ಒಟ್ಟಿಗೆ ಬಂದಾಗ ಹಬ್ಬ ಮುಗಿದು ತಿಂಗಳೊಳಗೆ ತುಳಸಿ ಒಣಗುವುದರಲ್ಲಿ ಆಶ್ಚರ್ಯವೇನಿದೆ?

ಆದರೆ ಎಷ್ಟೋ ಮನೆಗಳಲ್ಲಿ ಆಗ ಮೊದಲು ಕೇಳುವ ಪ್ರಶ್ನೆ "ಯಾರು ಮುಟ್ಟಿದಿರಿ?" ಎಂದು. ಆರೋಪ ಹೋಗಿ ಕೂರುವುದು ಸೊಸೆಯ ಮೇಲೆ ಅಥವಾ ಆಗಷ್ಟೇ ದೊಡ್ಡವಳಾದ ಹುಡುಗಿಯ ಮೇಲೆ. ಈ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1920ರಲ್ಲಿ ವಿಯೆನ್ನಾದ ಪ್ರಸಿದ್ಧ ಮಕ್ಕಳ ವೈದ್ಯ ಬೇಲಾ ಶಿಕ್, ಮುಟ್ಟಾದ ಕೆಲಸದಾಕೆ ಹಿಡಿದ ಹೂಗಳು ಬಾಡಿದವು ಎಂದು ಬರೆದು, ಮುಟ್ಟಿನ ಸಮಯದಲ್ಲಿ ದೇಹ "ಮೆನೊಟಾಕ್ಸಿನ್" ಎಂಬ ವಿಷ ಹೊರಹಾಕುತ್ತದೆ ಎಂದು ವಾದಿಸಿದ್ದರು. ಮುಂದೆ ನಡೆದ ಪರೀಕ್ಷೆಗಳಲ್ಲಿ ಈ ವಾದ ನಿಲ್ಲಲಿಲ್ಲ. ಅಂಥ ಯಾವ ವಿಷವೂ ಸಿಗಲಿಲ್ಲ. ಇವತ್ತಿಗೂ ಕೆಲವು ಸಂದೇಶಗಳು "ವಿಜ್ಞಾನವೇ ಹೇಳಿದೆ" ಎಂದು ಇದನ್ನು ಎಳೆತರುತ್ತವೆ. ವಿಜ್ಞಾನ ಅದನ್ನು ಕೈಬಿಟ್ಟ ಸಂಗತಿಯನ್ನು ಮಾತ್ರ ಹೇಳುವುದಿಲ್ಲ.

ಪೂಜೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಅರಿಸಿನ, ಕುಂಕುಮವನ್ನು ಕಟ್ಟೆಗೆ ಹಚ್ಚಿ, ಬುಡದ ಮಣ್ಣಿಗೆ ಬೇಡ. ಹಾಲನ್ನು ಉದ್ಧರಣೆಯಲ್ಲಿ ಒಂದು ಹನಿ ಅರ್ಪಿಸಿದರೆ ಸಾಕು. ದೀಪವನ್ನು ಒಂದು ಮೊಳ ದೂರ ಇಡಿ. ಮಂಜರಿಯನ್ನು ಆಗಾಗ ಚಿವುಟಿ, ಒಂದಿಷ್ಟು ಬೀಜ ಪಕ್ಕದ ಕುಂಡದಲ್ಲಿ ಉದುರಿಸಿ. ಹಳೆಯ ಗಿಡ ಹೋಗುವ ಹೊತ್ತಿಗೆ ಹೊಸದು ಸಿದ್ಧವಿರುತ್ತದೆ.

ಏನಾದರೂ ಹಾಕುವ ಮೊದಲು ಐದು ಪ್ರಶ್ನೆ

1. ಹಳದಿಯಾದದ್ದು ಕೆಳಗಿನ ಹಳೆ ಎಲೆಯೋ, ತುದಿಯ ಚಿಗುರೋ, ಬೆಳಕಿನ ಕಡೆಯದು ಮಾತ್ರವೋ?
2. ಇಡೀ ಎಲೆಯೋ, ನರಗಳ ನಡುವೆಯೋ, ಅಂಚೋ, ಚುಕ್ಕೆಗಳೋ?
3. ಎರಡು ಗೆಣ್ಣಿನ ಆಳದಲ್ಲಿ ಮಣ್ಣು ಒದ್ದೆಯೋ, ಒಣಗಿದೆಯೋ?
4. ಕಳೆದ ಒಂದು ತಿಂಗಳಲ್ಲಿ ಏನು ಬದಲಾಯಿತು? ಜಾಗ, ಋತು, ನೀರಿನ ಮೂಲ, ಗೊಬ್ಬರ, ಹಬ್ಬ?
5. ಎಲೆಯ ಅಡಿಯಲ್ಲಿ ಏನಾದರೂ ಹರಿದಾಡುತ್ತಿದೆಯೇ?

ಉತ್ತರ ಸಿಕ್ಕ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ಕಾಯಿರಿ. ಒಟ್ಟಿಗೆ ನಾಲ್ಕು ಮದ್ದು ಹಾಕಿದರೆ ಗಿಡ ಉಳಿದರೂ ಯಾವುದರಿಂದ ಉಳಿಯಿತೆಂದು ಗೊತ್ತಾಗುವುದಿಲ್ಲ, ಸತ್ತರೂ ಗೊತ್ತಾಗುವುದಿಲ್ಲ. ಸುಟ್ಟ ಕಲೆ ಮತ್ತೆ ಹಸಿರಾಗದು. ಆದ್ದರಿಂದ ಹಳೆಯ ಎಲೆ ನೋಡಿ ನಿರಾಶರಾಗಬೇಡಿ, ಹೊಸದಾಗಿ ಬರುವ ಎಲೆ ಹೇಗಿದೆ ನೋಡಿ.

ನಮ್ಮ ತೀರ್ಪು: ಎಲೆ ಹಳದಿಯಾಗುವುದಕ್ಕೂ ದೃಷ್ಟಿ, ಮೈಲಿಗೆ, ಅಪಶಕುನಗಳಿಗೂ ಸಂಬಂಧವಿಲ್ಲ. ಎಲ್ಲ ಹಳದಿಗೂ ಒಂದೇ ಮದ್ದು ಎಂಬುದೂ ಸುಳ್ಳು. ಮುಂದಿನ ಸಲ ಇಂಥ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಒಮ್ಮೆ ಬಾಲ್ಕನಿಗೆ ಹೋಗಿ ಮಣ್ಣಿಗೆ ಬೆರಳಿಟ್ಟು ನೋಡಿ. ಕಳಿಸಲೇಬೇಕು ಅನ್ನಿಸಿದರೆ, ಮೇಲಿನ ಐದು ಪ್ರಶ್ನೆಗಳನ್ನು ಕಳಿಸಿ.